ಗಾಳಿ ಮೊದಲು, ಮಳೆ ಆಮೇಲೆ

ಹವಾಮಾನದ ಕೆಲಸಕ್ಕೆ ಹೊಸದಾಗಿ ಸೇರುವವರು ನನ್ನನ್ನು ಕೇಳುವ ಮೊದಲ ಪ್ರಶ್ನೆ ಒಂದೇ: ಮುನ್ಸೂಚನೆ ತಪ್ಪಿದರೆ ಜನ ಬೈಯುತ್ತಾರಾ? ಬೈಯುತ್ತಾರೆ. ನಮ್ಮ ಮಂಡ್ಯದ ಕಡೆಯವರು ಬೈಯಲು ನಿಂತರೆ ಸತ್ತ ಹಿರಿಯರನ್ನೂ ಬಿಡುವುದಿಲ್ಲ. ಮಾರನೆಯ ದಿನ ಅದೇ ಬಾಯಲ್ಲಿ ‘ಊಟ ಆಯ್ತೇನಕ್ಕ’ ಎಂದು ವಿಚಾರಿಸುತ್ತಾರೆ. ಅದಕ್ಕೆಲ್ಲ ಹೆದರಬೇಡಿ. ನಾನು ತಪ್ಪು ಹೇಳಿದ್ದು ಎಷ್ಟೋ, ಅವೆಲ್ಲ ಜನರ ಬಾಯಲ್ಲೇ ಕರಗಿಹೋದವು. ಸರಿಯಾಗಿ ಹೇಳಿದ ಒಂದು ಮಾತು ಮಾತ್ರ ಇವತ್ತಿಗೂ ನನ್ನ ಎದೆಯ ಮೇಲೆ ಕೂತಿದೆ. ಅದನ್ನು ನಿಮಗೆ ಯಾವ ತರಬೇತಿಯಲ್ಲೂ ಹೇಳಿಕೊಡುವುದಿಲ್ಲ, ಹಾಗಾಗಿ ನಾನು ಬರೆಯುತ್ತಿದ್ದೇನೆ.

ನನ್ನ ಹೆಸರು ಸಾವಿತ್ರಮ್ಮ. ಹುಟ್ಟಿದ್ದು ಮದ್ದೂರಿನ ಪಕ್ಕದ ವೈದ್ಯನಾಥಪುರ, ಬೇಸಾಯದ ಮನೆ. ಕೆಲಸ ಮಾಡಿದ್ದು ಮಂಡ್ಯದ ಹೊರಗಿನ ಒಂದು ಕೃಷಿ ಫಾರ್ಮಿನ ಹವಾಮಾನ ಘಟಕದಲ್ಲಿ. ಘಟಕ ಎಂದರೆ ದೊಡ್ಡದೇನೋ ಎಂದುಕೊಳ್ಳಬೇಡಿ. ಒಂದು ಕೋಣೆ, ತಂತಿಬೇಲಿಯೊಳಗೆ ಒಂದು ತುಂಡು ಹುಲ್ಲುನೆಲ, ಅದರಲ್ಲಿ ಥರ್ಮಾಮೀಟರು ಇಟ್ಟ ಬಿಳಿ ಮರದ ಪೆಟ್ಟಿಗೆ, ಮಳೆ ಅಳೆಯುವ ಡಬ್ಬಿ, ಬಿಸಿಲು ಅಳೆಯುವ ಗಾಜಿನ ಗುಂಡು. ಈ ಗುಂಡು ನನಗೆ ತುಂಬ ಇಷ್ಟವಾಗಿತ್ತು. ಸೂರ್ಯನ ಬೆಳಕು ಅದರ ಮೂಲಕ ಹಾದು ಹಿಂದಿನ ಕಾಗದದ ಪಟ್ಟಿಯನ್ನು ಸುಡುತ್ತಾ ಹೋಗುತ್ತದೆ. ಸಂಜೆ ಪಟ್ಟಿ ತೆಗೆದರೆ ಕಪ್ಪು ಗೆರೆ ಎಷ್ಟು ಉದ್ದವಿದೆಯೋ ಅಷ್ಟು ಹೊತ್ತು ಬಿಸಿಲಿತ್ತು ಎಂದು ಅರ್ಥ. ಏಪ್ರಿಲ್ ತಿಂಗಳಲ್ಲಿ ಪಟ್ಟಿ ಈ ತುದಿಯಿಂದ ಆ ತುದಿಗೆ ಸುಟ್ಟುಹೋಗಿರುತ್ತಿತ್ತು.

ಬೆಳಿಗ್ಗೆ ಇವನ್ನೆಲ್ಲ ಓದಿ ಮೇಲಿನ ಕಚೇರಿಗೆ ಕಳಿಸುವುದು, ಅಲ್ಲಿಂದ ಬಂದ ಮುನ್ಸೂಚನೆಯನ್ನು ನಮ್ಮ ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಗೆ ಹೊಂದಿಸಿ ಬರೆಯುವುದು, ಮಧ್ಯಾಹ್ನದ ಹೊತ್ತಿಗೆ ಅದನ್ನು ನನ್ನ ದನಿಯಲ್ಲೇ ಓದಿ ರೈತರ ಫೋನಿಗೆ ಕಳಿಸುವುದು. ಇಷ್ಟೇ ಕೆಲಸ. ಆದರೆ ಫೋನಿನಲ್ಲಿ ದನಿ ಹೋಗಲು ಶುರುವಾದ ಮೇಲೆ ನಾನು ಆ ಸೀಮೆಗೆಲ್ಲ ‘ಮಳೆ ಅಕ್ಕ’ ಆದೆ. ಮದುವೆಮನೆಯಲ್ಲಿ ಎಲೆಯ ಮುಂದೆ ಕೂತಿದ್ದರೂ ಯಾರಾದರೂ ಬಗ್ಗಿ, ಮಳೆ ಯಾವಾಗಕ್ಕ ಎಂದು ಕೇಳುತ್ತಿದ್ದರು. ಅನ್ನ ಬಡಿಸುವವನೂ ಸೌಟು ಹಿಡಿದು ಉತ್ತರಕ್ಕೆ ಕಾಯುತ್ತಿದ್ದ.

ಒಂದು ಬೇಸಿಗೆಯ ಮಾತು ಹೇಳಬೇಕು. ಬೆಳಿಗ್ಗೆ ನೋಡಿದರೆ ಮಳೆಡಬ್ಬಿಯಲ್ಲಿ ನೀರು. ಆಕಾಶ ಬೋಳು, ನೆಲ ಕಾದ ಕಾವಲಿ. ನಮ್ಮ ಮುಖ್ಯಸ್ಥರು ಪದ್ಮನಾಭಯ್ಯನವರು ಮೈಸೂರಿನವರು, ಬಹಳ ಶಿಸ್ತಿನ ಮನುಷ್ಯ. ಡಬ್ಬಿಯಲ್ಲಿ ನೀರಿದ್ದರೆ ಅದು ಮಳೆ, ಕಣ್ಣಿಗೆ ಕಂಡದ್ದನ್ನಲ್ಲ, ಅಳತೆಯನ್ನು ನಂಬಬೇಕು ಎಂದರು. ಮಳೆ ಬಿತ್ತು ಎಂದೇ ಮೇಲಿನ ಕಚೇರಿಗೆ ವರದಿ ಹೋಯಿತು. ಮಧ್ಯಾಹ್ನ ಗೊತ್ತಾಯಿತು, ಫಾರ್ಮಿನ ತೋಟದವನು ಹೊಸ ತುಂತುರು ಪೈಪು ಹಾಕಿ ರಾತ್ರಿಯಿಡೀ ಬಿಟ್ಟು ಮನೆಗೆ ಹೋಗಿದ್ದ. ಮುಂದೆ ಎಷ್ಟೋ ದಿನ ಫೋನು ಮಾಡಿದವರೆಲ್ಲ, ನಿಮ್ಮ ಕಾಂಪೌಂಡಿಗೆ ದೇವರು ಬೇರೆ ಮೋಡ ಇಟ್ಟವ್ನಾ ಎಂದು ಗೇಲಿ ಮಾಡಿದರು. ಪದ್ಮನಾಭಯ್ಯನವರು ನಗಲಿಲ್ಲ. ನಾನು ಫಾರ್ಮಿನ ಸ್ಟೋರ್ ರೂಮಿಗೆ ಹೋಗಿ ನಕ್ಕು ಬಂದೆ.

ಹೀಗೆ ಗೇಲಿ ಮಾಡಿದವರಲ್ಲಿ ಚಿಕ್ಕಣ್ಣನೇ ಮೊದಲಿಗ. ಹಲಗೂರಿನಿಂದ ಒಳಗೆ ಇಳಿದರೆ ಅವನ ಊರು. ಕಬ್ಬು, ಒಂದಿಷ್ಟು ರಾಗಿ, ಎಮ್ಮೆ. ಹಲಗೂರಿನಲ್ಲಿ ರೈತರಿಗೆ ಹವಾಮಾನದ ವಿಚಾರ ಹೇಳಲು ಹೋಗಿದ್ದಾಗ ಎದ್ದು ನಿಂತು, ‘ಅಲ್ಲಲ್ಲಿ ಮಳೆ ಆಗಬೋದು ಅಂತ ಯೋಳ್ತೀಯಲ್ಲಕ್ಕ, ಆ ಜಾಗ ಯಾವ್ದು ಅಂತ ಯೋಳು, ಒಲ ಅಲ್ಲೇ ತಕತ್ತೀನಿ’ ಎಂದಿದ್ದ. ಸಭೆಯೆಲ್ಲ ನಕ್ಕಿತು. ನನಗೂ ಸಿಟ್ಟು ಬರಲಿಲ್ಲ. ನಿನ್ನ ಹೊಲ ಬಿಟ್ಟು ಉಳಿದ ಕಡೆ ಎಂದೆ. ಅವತ್ತಿನಿಂದ ಸಲಿಗೆ ಬೆಳೆಯಿತು. ನನ್ನ ದನಿ ಅವನ ಫೋನಿಗೆ ಹೋಗುತ್ತಿದ್ದರೂ ಅವನಿಗೆ ಅದು ಸಾಲದು, ಮಧ್ಯಾಹ್ನ ಊಟವಾದ ಮೇಲೆ ನನಗೇ ಫೋನು ಮಾಡಬೇಕು. ಅವನ ಹೆಂಡತಿ ಜಯಮ್ಮ ಹಿಂದಿನಿಂದ, ಆವಮ್ಮಂಗೆ ಕೆಲ್ಸ ಇಲ್ವಾ, ಮಡುಗು ಫೋನ ಎಂದು ಗದರುವುದು ನನಗೆ ಕೇಳುತ್ತಿತ್ತು.

ಈಗ ಕೆಲಸದ ಮುಖ್ಯ ವಿಷಯಕ್ಕೆ ಬರುತ್ತೇನೆ. ನಮ್ಮ ಸೀಮೆಯಲ್ಲಿ ಬೇಸಿಗೆ ಎಂದರೆ ಬರೀ ಸೆಕೆಯಲ್ಲ, ಬೆಂಕಿ. ಆಲೆಮನೆಯ ಅಂಗಳದಲ್ಲಿ ಹಿಂಡಿದ ಕಬ್ಬಿನ ಸಿಪ್ಪೆ ಗುಡ್ಡೆ ಬಿದ್ದಿರುತ್ತದೆ. ಊರ ಅಂಚಿನಲ್ಲಿ ಹುಲ್ಲಿನ ಮೆದೆಗಳು ಒಂದಕ್ಕೊಂದು ತಾಗಿ ನಿಂತಿರುತ್ತವೆ. ಮುತ್ತತ್ತಿ ಕಡೆಯ ಕಾಡಿನಲ್ಲಿ ಬಿದಿರು ಒಣಗಿ ನಿಂತಿರುತ್ತದೆ. ಕಬ್ಬು ಕಡಿದ ಗದ್ದೆಯಲ್ಲಿ ಒಣ ತರಗು ಮೊಣಕಾಲೆತ್ತರ ಬಿದ್ದಿರುತ್ತದೆ, ಪಕ್ಕದ ಗದ್ದೆಯಲ್ಲಿ ಕಡಿಯದ ಕಬ್ಬು ಗರಿ ಒಣಗಿಸಿಕೊಂಡು ನಿಂತಿರುತ್ತದೆ. ಒಂದು ಬೀಡಿ ತುಂಡು ಸಾಕು. ಆದರೆ ನಮ್ಮ ಮುನ್ಸೂಚನೆಯ ಮಾದರಿಯಲ್ಲಿ ಬೆಂಕಿ ಎಂಬ ಮಾತೇ ಇರಲಿಲ್ಲ. ಮೊದಲು ಮಳೆ, ಆಮೇಲೆ ಉಷ್ಣಾಂಶ, ಆಮೇಲೆ ತೇವಾಂಶ, ಎಲ್ಲ ಮುಗಿದ ಮೇಲೆ ಕೊನೆಯಲ್ಲಿ ಗಾಳಿ. ಮೇಲಿನಿಂದ ಬಂದ ಕ್ರಮ.

ಗಾಳಿಯನ್ನು ಮೊದಲು ಹಾಕೋಣ ಸಾರ್, ಬೇಸಿಗೆಯಲ್ಲಿ ನಮ್ಮವರಿಗೆ ಅದೇ ಮುಖ್ಯ ಎಂದು ನಾನು ಪದ್ಮನಾಭಯ್ಯನವರಿಗೆ ಹೇಳುತ್ತಲೇ ಇದ್ದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, ‘ಸಾವಿತ್ರಮ್ಮ, ಕ್ರಮ ಅಂತ ಒಂದಿದೆ. ಬೆಂಕಿ ನಮ್ಮ ಇಲಾಖೆಯ ವಿಷಯ ಅಲ್ಲ’ ಎನ್ನುತ್ತಿದ್ದರು. ಕೆಟ್ಟವರಲ್ಲ ಅವರು. ಒಂದು ಸಾಲು ಆಚೀಚೆಯಾದರೆ ಆಕಾಶವೇ ಆಚೀಚೆಯಾಗುತ್ತದೆ ಎಂಬ ಭಯ ಅವರಿಗೆ. ನಾನೂ ಬಿಡುವವಳಲ್ಲ. ಗಾಳಿಯ ಸಾಲು ಬಂದಾಗ ದನಿ ಎತ್ತರಿಸಿ ಓದುತ್ತಿದ್ದೆ. ಅದಕ್ಕೂ ಅವರು, ಎಲ್ಲವನ್ನೂ ಒಂದೇ ದನಿಯಲ್ಲಿ ಓದಬೇಕು ಎಂದು ಹೇಳಿಕಳಿಸಿದರು.

ಇಲ್ಲೊಂದು ಸಂಗತಿ ನಿಮಗೆ ತಿಳಿದಿರಬೇಕು. ಉರಿಬಿಸಿಲಿನಲ್ಲಿ ಬೆಂದ ಜನಕ್ಕೆ ಮಳೆ ಎಂದು ಒಂದು ಸಲ ಕೇಳಿಸಿದರೆ ಅಲ್ಲಿಗೆ ಕಿವಿ ಮುಚ್ಚಿಕೊಳ್ಳುತ್ತದೆ. ಆಮೇಲೆ ನೀವು ಗಾಳಿ ಅನ್ನಿ, ಸಿಡಿಲು ಅನ್ನಿ, ಮರದ ಕೆಳಗೆ ನಿಲ್ಲಬೇಡಿ ಅನ್ನಿ, ಅವರು ಆಗಲೇ ಅಂಗಳಕ್ಕೆ ಹೋಗಿ ಮೋಡ ನೋಡುತ್ತಿರುತ್ತಾರೆ. ನಾನೇ ಒಮ್ಮೆ ಬಸ್ಸಿನಲ್ಲಿ ಕೂತಿದ್ದಾಗ ಪಕ್ಕದವನ ಫೋನಿನಲ್ಲಿ ನನ್ನ ದನಿ ಬಂತು. ಮಳೆಯ ಮಾತು ಮುಗಿಯುತ್ತಿದ್ದಂತೆ ಅವನು ಫೋನು ಜೇಬಿಗೆ ಹಾಕಿಕೊಂಡ. ಜೇಬಿನೊಳಗೆ ನಾನು ಗಾಳಿಯ ವಿಷಯ ಹೇಳುತ್ತಲೇ ಇದ್ದೆ.

ಇನ್ನೊಂದು ಸಂಗತಿ, ಇದು ನಮ್ಮ ಕಬ್ಬಿನ ಸೀಮೆಯದು. ಕಬ್ಬು ಕಡಿದ ಮೇಲೆ ಅದೇ ಬುಡದಿಂದ ಚಿಗುರುವ ಕೂಳೆ ಬೆಳೆಗಾಗಿ ತರಗನ್ನು ಸುಡುತ್ತಾರೆ. ಸುಡಬೇಡಿ, ಕೊಳೆಸಿ ಗೊಬ್ಬರ ಮಾಡಿ ಎಂದು ಎಲ್ಲರೂ ಹೇಳುತ್ತಾರೆ, ಕೇಳುವವರು ಕಡಿಮೆ. ಸುಡುವುದಕ್ಕೆ ಅವರದೇ ಒಂದು ಲೆಕ್ಕಾಚಾರ ಇದೆ. ಸಂಜೆ ಮಳೆ ಬರುವ ದಿನ ನೋಡಿ ಮಧ್ಯಾಹ್ನ ಬೆಂಕಿ ಕೊಡುವುದು. ಕಾಯುವ ಕೆಲಸವಿಲ್ಲ, ಬೆಂಕಿಯನ್ನು ಮಳೆಯೇ ಆರಿಸುತ್ತದೆ. ಬೂದಿ ಹಾರಿಹೋಗದೆ ನೆಲಕ್ಕೆ ಇಳಿಯುತ್ತದೆ, ಬುಡ ತಂಪಾಗಿ ಚಿಗುರು ಬೇಗ ಬರುತ್ತದೆ. ಜಾಣ ಲೆಕ್ಕವೇ. ಅದರಲ್ಲಿ ಬಿಟ್ಟುಹೋಗಿದ್ದದ್ದು ಒಂದೇ. ಬೇಸಿಗೆಯ ಗುಡುಗು ಮಳೆ ಬರುವಾಗ ದೂರದಲ್ಲಿ ಸುರಿಯುವ ಮಳೆ ತಣ್ಣನೆಯ ಗಾಳಿಯನ್ನು ನೆಲಕ್ಕೆ ಕೆಡವುತ್ತದೆ. ಬಿಂದಿಗೆ ನೀರನ್ನು ಅಂಗಳಕ್ಕೆ ಸುರುವಿದ ಹಾಗೆ ಆ ಗಾಳಿ ನಾಲ್ಕೂ ಕಡೆ ಹರಡಿ ಓಡುತ್ತದೆ. ಮಳೆಗಿಂತ ಮೊದಲೇ ಬರುತ್ತದೆ. ಅಲ್ಲಿಯವರೆಗೆ ಬೀಸುತ್ತಿದ್ದ ದಿಕ್ಕನ್ನೇ ತಿರುಗಿಸಿಬಿಡುತ್ತದೆ.

ಆ ವರ್ಷ ಭರಣಿ ಮಳೆಗೆ ಜನ ಬಾಯಿ ಬಿಟ್ಟುಕೊಂಡು ಕಾದಿದ್ದರು. ನಾಲೆಗೆ ನೀರು ಬಿಡುವುದು ನಿಂತಿತ್ತು. ಮಧ್ಯಾಹ್ನ ರಸ್ತೆಯಲ್ಲಿ ನಾಯಿ ಕೂಡ ಓಡಾಡುತ್ತಿರಲಿಲ್ಲ. ಒಂದು ದಿನ ಚಾರ್ಟು ನೋಡಿದ ಕೂಡಲೇ ನನಗೆ ಖಾತ್ರಿಯಾಯಿತು, ಸಂಜೆಗೆ ಮಳವಳ್ಳಿ ಸೀಮೆಗೆ ಮಳೆ. ಪದ್ಮನಾಭಯ್ಯನವರೂ ಒಪ್ಪಿದರು. ಅಷ್ಟು ಸಂತೋಷದಿಂದ ನಾನು ಯಾವತ್ತೂ ಮೈಕಿನ ಮುಂದೆ ಕೂತಿರಲಿಲ್ಲ. ಮಳವಳ್ಳಿ, ಹಲಗೂರು ಸುತ್ತಮುತ್ತ ಸಂಜೆ ಗುಡುಗು ಸಹಿತ ಮಳೆ ಎಂದು ಓದಿದೆ. ಉಷ್ಣಾಂಶ, ತೇವಾಂಶ ಓದಿದೆ. ಕೊನೆಯಲ್ಲಿ, ಮಳೆಗೆ ಮುಂಚೆ ಬಿರುಗಾಳಿ ಬೀಸುತ್ತದೆ ಎಂದೂ ಓದಿದೆ.

ಚಿಕ್ಕಣ್ಣನ ಫೋನು ಬಂತು. ಮಳೆ ಗ್ಯಾರಂಟಿನಾ ಎಂದ. ಗ್ಯಾರಂಟಿ, ಆದರೆ ಗಾಳಿ ಜೋರಾಗಿರುತ್ತದೆ, ಹುಷಾರು ಎಂದೆ. ‘ಮಳೆ ಬಂದ್ರೆ ಕೇಡಲ್ಲ, ಮಗ ಉಂಡ್ರೆ ಕೇಡಲ್ಲ ಬುಡಕ್ಕ’ ಎಂದು ಗಾದೆ ಹೇಳಿ ನಕ್ಕ. ಹಿಂದೆ ಜಯಮ್ಮನೂ ನಗುತ್ತಿದ್ದಳು. ಅವತ್ತು ಅವಳು ಗದರಲಿಲ್ಲ. ಅವನ ಗದ್ದೆಯ ಕಬ್ಬು ಕಡಿದಾಗಿದೆ ಎಂದಾಗಲಿ, ತರಗು ಬಿದ್ದಿದೆ ಎಂದಾಗಲಿ ಅವನು ಹೇಳಲಿಲ್ಲ. ಹೇಳುವಂಥ ವಿಷಯ ಎಂದು ಅವನಿಗೆ ಅನ್ನಿಸಿರಲಿಕ್ಕಿಲ್ಲ. ಆಲೆಮನೆಗೆ ಹೋಗುವ ದಾರಿ ಕೇಳಿದ ಹಾಗೆ ಮಳೆ ಕೇಳಿದ, ನಾನು ಹೇಳಿದೆ, ಅವನು ಹೋದ.

ಮಾರನೆಯ ದಿನ ಅವನ ಅಣ್ಣ ಫೋನು ಮಾಡಿ ವಿಷಯ ತಿಳಿಸಿದ. ನಾನು ಎದ್ದು ಪದ್ಮನಾಭಯ್ಯನವರ ಹತ್ತಿರ ಹೋದೆ. ಏನಾಯಿತು ಎಂದರು. ಹೇಳಿದೆ. ಅವರು ಕೂಡಲೇ ಜೀಪು ತರಿಸಿದರು.

ಊರು ತಲುಪಿದಾಗ ಎಲ್ಲ ಮುಗಿದಿತ್ತು. ಅಣ್ಣ ನಮ್ಮನ್ನು ಗದ್ದೆಗೆ ಕರೆದುಕೊಂಡು ಹೋಗಿ ತೋರಿಸಿದ. ಚಿಕ್ಕಣ್ಣ ತಿಳಿಗೇಡಿಯ ಹಾಗೆ ಬೆಂಕಿ ಇಟ್ಟಿರಲಿಲ್ಲ. ಗಾಳಿ ಪಡುವಲಿಂದ ಬೀಸುತ್ತಿದೆ ಎಂದು ನೋಡಿಕೊಂಡು, ಉರಿ ಬರಡು ನೆಲದ ಕಡೆಗೆ ಹೋಗುವ ಹಾಗೆ ಹಚ್ಚಿದ್ದ. ಅಣ್ಣನ ಕಡಿಯದ ಕಬ್ಬು ಹಿಂದಿನ ಮಗ್ಗುಲಲ್ಲಿತ್ತು. ಅದರ ಆಚೆ ಪಂಪ್‌ಸೆಟ್ ಮನೆಯ ಬಳಿ ಎಮ್ಮೆ ಕಟ್ಟಿತ್ತು. ಮುತ್ತತ್ತಿ ಕಾಡಿನ ಕಡೆ ಮೋಡ ಕಪ್ಪಾಯಿತು, ಎಲ್ಲರೂ ಖುಷಿಯಿಂದ ಅತ್ತಲೇ ನೋಡುತ್ತಿದ್ದರು. ಅಷ್ಟರಲ್ಲಿ ಮೂಡಲ ಗಾಳಿ ಒಂದೇ ಸಲ ನುಗ್ಗಿತು. ಉರಿ ತಿರುಗಿ ನಿಂತಿದ್ದ ಕಬ್ಬಿನೊಳಗೆ ಹೋಯಿತು. ಎಮ್ಮೆ ಎಂದು ಕೂಗಿಕೊಂಡು ಚಿಕ್ಕಣ್ಣ ಹೊಗೆಯೊಳಗೆ ಓಡಿದ.

ಎಮ್ಮೆ ಆಗಲೇ ಹಗ್ಗ ಕಿತ್ತುಕೊಂಡು ಇನ್ನೊಂದು ಕಡೆಯಿಂದ ಮನೆಗೆ ಓಡಿತ್ತು. ಅವನಿಗೆ ಅದು ಕಾಣಲಿಲ್ಲ. ಇಲ್ಲದ ಎಮ್ಮೆಯನ್ನು ಹುಡುಕುತ್ತಾ ಅವನು ಒಳಗೇ ಉಳಿದ. ಮನೆಯ ಮುಂದೆ ಎಮ್ಮೆ ಒಂಟಿಯಾಗಿ ಬಂದು ನಿಂತದ್ದನ್ನು ಕಂಡೇ ಜಯಮ್ಮ ಗದ್ದೆಯ ಕಡೆಗೆ ಓಡಿದ್ದಂತೆ.

ಅವಳು ಜಗಲಿಯ ಮೂಲೆಯಲ್ಲಿ ಕೂತಿದ್ದಳು. ದನಿಯಲ್ಲಿ ಮಾತ್ರ ಗೊತ್ತಿದ್ದವಳನ್ನು ನಾನು ಮೊದಲ ಸಲ ನೋಡಿದ್ದು ಹಾಗೆ. ಹೆಸರು ಹೇಳುವ ಮೊದಲೇ ನನ್ನ ದನಿ ಕೇಳಿ ತಲೆ ಎತ್ತಿದಳು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

‘ನೀವ್ ಯೋಳ್ದಂಗೇ ಮಳೆ ಬಂತು ಕಣಕ್ಕ’ ಎಂದಳು. ‘ಒಸಿ ತಡ ಆಯ್ತು, ಅಷ್ಟೆಯ.’

ವಾಪಸು ಬರುವಾಗ ದಾರಿಯುದ್ದಕ್ಕೂ ನೆಲ ಒದ್ದೆಯಾಗಿತ್ತು, ಮಣ್ಣಿನ ವಾಸನೆ ಬರುತ್ತಿತ್ತು. ಹೊಲಗಳಲ್ಲಿ ಜನ ನೇಗಿಲು ಸರಿಮಾಡಿಕೊಳ್ಳುತ್ತಿದ್ದರು. ಎಲ್ಲರ ಮುಖದಲ್ಲೂ ಸಂತೋಷವಿತ್ತು. ಮಳವಳ್ಳಿಯಲ್ಲಿ ಟೀ ಅಂಗಡಿಯವನು ನನ್ನ ಗುರುತು ಹಿಡಿದು, ಕರೆಕ್ಟಾಗಿ ಯೋಳ್ಬುಟ್ರಿ ಮೇಡಮ್ಮೋರೆ ಎಂದು ಕೈ ಮುಗಿದ. ನನ್ನ ಟೀ ಹಾಗೇ ಉಳಿಯಿತು. ಪದ್ಮನಾಭಯ್ಯನವರು ಹಣ ಕೊಟ್ಟು ನನ್ನ ಲೋಟವನ್ನು ತಾವೇ ಎತ್ತಿ ಹಿಂದಕ್ಕಿಟ್ಟರು.

ಮಾರನೆಯ ಬೆಳಿಗ್ಗೆ ಅವರು ನಾನು ಬರೆದಿಟ್ಟಿದ್ದ ಹಾಳೆಯನ್ನು ತರಿಸಿಕೊಂಡು, ಪೆನ್ನಿನಲ್ಲಿ ಕೊನೆಯ ಗಾಳಿಯ ಸಾಲನ್ನು ಹೊಡೆದುಹಾಕಿ ಅದನ್ನೇ ಎಲ್ಲಕ್ಕಿಂತ ಮೇಲೆ ಬರೆದರು. ‘ಗಾಳಿ ಮೊದಲು ಓದಿ, ಸಾವಿತ್ರಮ್ಮ. ಯಾರಾದರೂ ಕೇಳಿದರೆ ನನ್ನ ಹೆಸರು ಹೇಳಿ’ ಎಂದರು. ಮುಖ ನನ್ನ ಕಡೆ ತಿರುಗಿಸಲಿಲ್ಲ. ಮೇಲಿನ ಕಚೇರಿಯವರು ಕೇಳಿದರು. ಪದ್ಮನಾಭಯ್ಯನವರು ಉತ್ತರ ಕೊಟ್ಟರು. ಮತ್ತೆ ಕೇಳಿದರು, ಮತ್ತೆ ಕೊಟ್ಟರು. ಅವರು ವರ್ಗವಾಗಿ ಹೋದ ಮೇಲೂ, ನಾನಿರುವವರೆಗೆ ನಮ್ಮ ಘಟಕದಲ್ಲಿ ಗಾಳಿ ಮೊದಲಿತ್ತು, ಅದರ ಜೊತೆಗೆ ‘ಇವತ್ತು ತರಗಿಗೆ ಬೆಂಕಿ ಕೊಡಬೇಡಿ’ ಎಂಬ ನನ್ನ ಒಂದು ಸಾಲೂ ಇತ್ತು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರಂತೆ ಎನ್ನುತ್ತಾರಲ್ಲ, ಅದು ನಮಗೇ ಹೇಳಿದ್ದು. ಆದರೂ ತೋಡಿದೆವು. ಮುಂದೆ ಬರುವ ಬೆಂಕಿಗಾದರೂ ನೀರಿರಲಿ ಎಂದು.

ಜನ ಇದನ್ನು ಇಷ್ಟಪಟ್ಟರು ಎಂದು ತಿಳಿಯಬೇಡಿ. ಮೊದ್ಲು ಮಳೆ ಯೋಳಕ್ಕೆ ಈವಮ್ಮಂಗೆ ಏನ್ ರೋಗ ಎಂದು ಬೈದರು. ಮಳೆಯ ಮಾತು ಕೇಳಬೇಕಾದರೆ ಗಾಳಿಯ ಮಾತು ಕೇಳಲೇಬೇಕಾಯಿತು, ಅದೇ ನನಗೆ ಬೇಕಾಗಿದ್ದದ್ದು. ಇದರಿಂದ ಯಾರಾದರೂ ಉಳಿದರೇ? ನನಗೆ ಗೊತ್ತಿಲ್ಲ. ಹಚ್ಚದ ಬೆಂಕಿ, ಸಾಯದ ಮನುಷ್ಯ, ಇವು ನಮ್ಮ ಯಾವ ಯಂತ್ರದಲ್ಲೂ ದಾಖಲಾಗುವುದಿಲ್ಲ. ಈ ಕೆಲಸಕ್ಕೆ ಬರುವ ನೀವು ಆ ಸಮಾಧಾನವನ್ನು ಎದುರು ನೋಡಬೇಡಿ.

ಆಮೇಲೆ ತಾನೇ ಅಳೆದು ತಾನೇ ಕಳಿಸುವ ಯಂತ್ರಗಳು ಬಂದವು. ಗಾಜಿನ ಗುಂಡನ್ನು ಕಪಾಟಿನಲ್ಲಿಟ್ಟರು. ಮಳೆಡಬ್ಬಿ ನೋಡಲು ಬೇಲಿ ದಾಟುವ ಕೆಲಸವಿಲ್ಲ. ನಾನು ನಿವೃತ್ತಳಾದ ಮೇಲೆ ನನ್ನ ದನಿಯ ಬದಲು ಕಂಪ್ಯೂಟರಿನ ಹೆಣ್ಣು ದನಿ ಬಂತು. ಸ್ಪಷ್ಟವಾಗಿ ಓದುತ್ತದೆ, ನನ್ನ ಹಾಗೆ ಮಧ್ಯೆ ಕೆಮ್ಮುವುದಿಲ್ಲ. ಲೆಕ್ಕಾಚಾರವೂ ನಮ್ಮ ಕಾಲಕ್ಕಿಂತ ಎಷ್ಟೋ ಸರಿಯಾಗಿದೆ, ಅದನ್ನು ಒಪ್ಪಬೇಕು. ಒಂದು ಮಧ್ಯಾಹ್ನ ಕುತೂಹಲಕ್ಕೆ ಕೇಳಿದೆ. ಮಳೆ, ಉಷ್ಣಾಂಶ, ತೇವಾಂಶ. ಗಾಳಿ ಮತ್ತೆ ಕೊನೆಗೆ ಹೋಗಿ ಕೂತಿತ್ತು.

ಜಯಮ್ಮನ ವಿಷಯ ಹೇಳಿ ಮುಗಿಸುತ್ತೇನೆ. ಚಿಕ್ಕಣ್ಣ ಹೋದ ಮೇಲೆ ಬಂದ ಬೇಸಿಗೆಯಲ್ಲಿ ಅವನು ಫೋನು ಮಾಡುತ್ತಿದ್ದ ಅದೇ ಹೊತ್ತಿಗೆ ಅವನ ನಂಬರಿನಿಂದ ಫೋನು ಬಂತು. ಎತ್ತಿದರೆ ಜಯಮ್ಮ. ‘ಗಾಳಿ ಅದಾ ಅಕ್ಕ?’ ಎಂದಳು. ಇದೆ ಎಂದೆ. ಸರಿ ಎಂದು ಇಟ್ಟಳು. ಆಮೇಲೆ ಪ್ರತಿ ಬೇಸಿಗೆಯಲ್ಲೂ ಮೋಡ ಕಂಡ ದಿನ ಫೋನು ಬರುತ್ತದೆ. ನಾನು ನಿವೃತ್ತಳಾದದ್ದು ಅವಳಿಗೆ ಲೆಕ್ಕವೇ ಇಲ್ಲ. ನಾನೂ ಮೊಬೈಲಿನಲ್ಲಿ ಉಪಗ್ರಹದ ಮೋಡದ ಚಿತ್ರ ತೆರೆದು ನೋಡಿ, ತಾರಸಿಗೆ ಹೋಗಿ ಮೂಡಲು ನೋಡಿ, ಹೇಳುತ್ತೇನೆ. ಗಾಳಿ ಇದೆ ಎಂದರೆ ಎಮ್ಮೆಯನ್ನು ಗದ್ದೆಯಿಂದ ತಂದು ಕೊಟ್ಟಿಗೆಯಲ್ಲಿ ಕಟ್ಟುತ್ತಾಳೆ. ತರಗನ್ನು ಅವಳು ಸುಡುವುದಿಲ್ಲ. ಅವಳು ಸುಡುವುದಿಲ್ಲ ಎಂದು ಅಕ್ಕಪಕ್ಕದ ಗದ್ದೆಯವರೂ ಮುಚ್ಚುಮರೆಯಿಲ್ಲದೆ ಸುಡಲು ಹಿಂಜರಿಯುತ್ತಾರಂತೆ. ಆದರೆ ಇಷ್ಟು ವರ್ಷದಲ್ಲಿ ಒಂದು ಸಲವೂ ಅವಳು ನನ್ನನ್ನು ಮಳೆ ಕೇಳಿರಲಿಲ್ಲ. ನಾನೂ ಹೇಳಿರಲಿಲ್ಲ. ಇಡೀ ಸೀಮೆಗೆ ಮಳೆ ಹೇಳಿದ ಬಾಯಿ ಅವಳ ಹತ್ತಿರ ಮಾತ್ರ ಆ ಮಾತು ಎತ್ತಲಾರದಾಗಿತ್ತು.

ಈ ವರ್ಷದ ಸೆಕೆ ನಿಮಗೇ ಗೊತ್ತು. ಮೊನ್ನೆ ಮಧ್ಯಾಹ್ನ ಫೋನು ಬಂತು. ಎತ್ತಿದ ಕೂಡಲೇ ಅಭ್ಯಾಸದಂತೆ, ಗಾಳಿ ಇದೆ ಕಣಮ್ಮ, ಸಂಜೆಗೆ ಜೋರಾಗೇ ಬರುತ್ತದೆ ಎಂದೆ.

‘ಗೊತ್ತು ಕಣಕ್ಕ. ಎಮ್ಮೆ ಒಳಕ್ಕೆ ಕಟ್ಟಿವ್ನಿ’ ಎಂದಳು. ಎಮ್ಮೆಯ ಕೊರಳ ಗಂಟೆ ಅಲ್ಲಾಡುವುದು ಕೇಳಿಸಿತು. ‘ಮಳೆ ಬತ್ತದಾ ಅಕ್ಕ?’

ಮೋಡದ ಚಿತ್ರವನ್ನು ಆಗಲೇ ನೋಡಿದ್ದೆ. ಬರುತ್ತದೆ ಎಂದು ನನಗೆ ಗೊತ್ತಿತ್ತು. ಆದರೂ ಫೋನು ಹಿಡಿದೇ ತಾರಸಿಗೆ ಹೋಗಿ ಇನ್ನೊಮ್ಮೆ ಮೂಡಲು ನೋಡಿದೆ.

‘ಬತ್ತದೆ ಕಣವ್ವ’ ಎಂದೆ. ‘ಒಸಿ ತಡ ಆಯ್ತದೆ.’

‘ಆಗ್ಲಿ ಬುಡಕ್ಕ’ ಎಂದಳು ಜಯಮ್ಮ. ‘ಜಗ್ಲಿ ಮೇಲೆ ಕುಂತಿರ್ತೀನಿ.’